ಮಿನೇಜಸರ ಮಡಚು ಚೂರಿ

ಮಡಚುವ ಚೂರಿ ಎಂದರೆ ಮಡಚಲಿಕ್ಕೆ ಬರುವ ಚೂರಿ ಎಂದು ಸ್ಟ್ಯಾನಿಸ್ಲಾಸ್ ಮಿನೇಜಸರು ಬಹಳ ಕಾಲ ತಪ್ಪು ತಿಳಿದುಕೊಂಡಿದ್ದರು. ಐವತ್ಮೂರು ವರ್ಷ ಬದುಕಿ, ಅದರಲ್ಲಿ ಇಪ್ಪತ್ತೈದು ವರ್ಷ ಸಂಸಾರವನ್ನೂ ಮಾಡಿ, ಮಣಿಪಾಲದ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಕುರ್ಚಿಯವರೆಗೆ ಏರಿದ ಮನುಷ್ಯನಿಗೆ ಇಷ್ಟು ಸಣ್ಣ ವಿಷಯದಲ್ಲಿ ಇಷ್ಟು ದೊಡ್ಡ ತಪ್ಪು ತಿಳಿವಳಿಕೆ ಇದ್ದೀತೇ ಎಂದು ನೀವು ಕೇಳಬಹುದು. ಇತ್ತು. ಅದು ನಿವಾರಣೆಯಾದದ್ದು ಎರಡು ಸಾವಿರದ ಇಸವಿಯ ಜನವರಿ ಹದಿನೈದು, ಶನಿವಾರ, ಮಧ್ಯಾಹ್ನ ಹನ್ನೆರಡೂವರೆಗೆ.

ಆ ತಿಂಗಳ ಒಂದನೇ ತಾರೀಕಿಗೆ ಲೋಕದ ಕಂಪ್ಯೂಟರುಗಳೆಲ್ಲ ಒಂದೇ ಏಟಿಗೆ ಸ್ತಂಭಿಸುತ್ತವೆ ಎಂದು ಪೇಪರಿನವರು ಹೆದರಿಸಿದ್ದರು. ಮಿನೇಜಸರು ತಮ್ಮ ಕಚೇರಿಯ ಮೂರು ಕಂಪ್ಯೂಟರುಗಳಿಗೆ ಡಿಸೆಂಬರಿನಲ್ಲೇ ಪ್ಲಾಸ್ಟಿಕ್ ಹೊದೆಸಿ ಕಾದು ಕೂತಿದ್ದರು. ಒಂದೂ ಸ್ತಂಭಿಸಲಿಲ್ಲ. ಎರಡು ವಾರ ತಡವಾಗಿ ಸ್ತಂಭಿಸಿದ್ದು ಅವರದೇ ಚೂರಿ!

ಎಲ್ಲದಕ್ಕೂ ಮೂಲ ಒಂದು ಪ್ರತಿಜ್ಞೆ. ಅದನ್ನು ಅವರು ಮಾಡಿದ್ದು ಕಾರ್ಕಳದ ಹತ್ತಿರದ ಕುಕ್ಕುಂದೂರಿನ ತಮ್ಮ ಮನೆಯ ಜಗಲಿಯಲ್ಲಿ, ಎದ್ದು ನಿಂತು, ಬಲಗೈ ಮೇಲೆತ್ತಿ.

"ನಮ್ಮ ಮದುವೆಯ ಬೆಳ್ಳಿಹಬ್ಬದ ಕೇಕನ್ನು ರಿಬ್ಬನ್ ಕಟ್ಟಿದ ಪ್ಲಾಸ್ಟಿಕ್ ಚೂರಿಯಲ್ಲಿ ಕೊಯ್ಯುವವನು ನಾನಲ್ಲ! ಬೆಂಕಿಯಲ್ಲಿ ಕಾಯಿಸಿ, ಕೈಯಲ್ಲಿ ಬಡಿದು, ಅಜ್ಜನಿಂದ ಮೊಮ್ಮಗನಿಗೆ ಬಂದ ವಿದ್ಯೆಯಿಂದ ಮಾಡಿದ ಚೂರಿಯಲ್ಲೇ ಕೊಯ್ಯುತ್ತೇನೆ. ಹೊಸ ಸಹಸ್ರಮಾನಕ್ಕೆ ಹಳೆಯ ಕಬ್ಬಿಣ!"

ಕೇಳಿಸಿಕೊಂಡವರು ಹೆಂಡತಿ ಡುಲ್ಸಿನ್ ಒಬ್ಬರೇ. ಅವರೂ ಬಸಳೆಯ ದಂಟು ಬಿಡಿಸುತ್ತಿದ್ದರು.

"ಯಾವುದರಲ್ಲಿ ಬೇಕಾದರೂ ಕೊಯ್ಯಿರಿ," ಎಂದರು ಡುಲ್ಸಿನ್. "ಹಲ್ಲಿನಲ್ಲಿ ಕೊಯ್ದರೂ ನನಗೆ ಬೇಜಾರಿಲ್ಲ. ಆ ದಿನ ನಾಲ್ಕೂವರೆಗೆ ಇಗರ್ಜಿಯಲ್ಲಿ ನನ್ನ ಪಕ್ಕದಲ್ಲಿ ನಿಲ್ಲಿ. ಮದುವೆಯ ದಿನದ ಹಾಗೆ ಫಾದರ್ ಕೇಳಿದ್ದಕ್ಕೆ 'ಹೌದು' ಅನ್ನಿ. ಇಪ್ಪತ್ತೈದು ವರ್ಷಕ್ಕೆ ನಾನು ಕೇಳುವುದು ಇಷ್ಟೇ. ಬೇರೆ ಎಂತದೂ ಬೇಡ."

"ಅದೆಂತ ದೊಡ್ಡ ವಿಷಯ?"

"ನಿಮಗೆ ದೊಡ್ಡದೇ. ವಿಲ್ಮಾಳ ಜ್ಞಾನಸ್ನಾನದ ದಿನ ಫಾದರ್ 'ಮಗುವಿನ ತಂದೆ ಎಲ್ಲಿ' ಅಂತ ಕೇಳಿದಾಗ ನಾನು ಎಂತ ಹೇಳಿದ್ದು, ನೆನಪುಂಟಾ? 'ಬೀಗ ತರಲಿಕ್ಕೆ ಹೋಗಿದ್ದಾರೆ' ಅಂತ!"

ಇದು ನಿಜ. ಮಿನೇಜಸರು ಮೊದಲು ಅಂಚೆಚೀಟಿ ಸಂಗ್ರಹಿಸುತ್ತಿದ್ದರು, ಆಮೇಲೆ ಬೆಂಕಿಪೊಟ್ಟಣ, ಆಮೇಲೆ ಕೀಲಿಕೈ ಇಲ್ಲದ ಹಳೇ ಬೀಗ. ಮಗಳಿಗೆ ಹೆಸರಿಡುವ ಹೊತ್ತಿನಲ್ಲಿ ಅವರು ಮಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ತುಕ್ಕು ಹಿಡಿದ ಬೀಗದ ತೂತಿನೊಳಗೆ ಇಣುಕುತ್ತಿದ್ದರು. ಡುಲ್ಸಿನ್ ಜಗಳ ಮಾಡಲಿಲ್ಲ. ಆದರೆ ಮನೆಯಲ್ಲಿ ಒಳ್ಳೆಯದೇನು ನಡೆದರೂ ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಜಾಗ ಹಿಡಿಯುವ ಅಭ್ಯಾಸ ಅವರಿಗೆ ಅಂದಿನಿಂದಲೇ ಆಯಿತು.

ಚೂರಿಯ ಹುಚ್ಚು ಹಿಡಿದು ಒಂದೂವರೆ ವರ್ಷವಾಗಿತ್ತಷ್ಟೆ. ಹಾಸ್ಟೆಲು ಬಿಟ್ಟುಹೋದ ವಿದೇಶಿ ವಿದ್ಯಾರ್ಥಿಯೊಬ್ಬನ ಬಣ್ಣದ ಮ್ಯಾಗಜೀನು ಕಚೇರಿಯ ಮೇಜಿನ ಮೇಲೆ ಬಿದ್ದಿತ್ತು. ಅದರಲ್ಲಿ ಯಾವುದೋ ದೇಶದ ಯಾವುದೋ ಹಳ್ಳಿಯ ಮುದುಕ ಕಮ್ಮಾರ, ಅವನು ಕೈಯಿಂದಲೇ ಮಾಡುವ ಮಡಚು ಚೂರಿಗಳು, ಅವುಗಳಿಗಾಗಿ ವರ್ಷಗಟ್ಟಲೆ ಕಾಯುವ ಕೋಟುಧಾರಿ ಸಂಗ್ರಾಹಕರು. ಮಿನೇಜಸರಿಗೆ ಮುದುಕನಿಗಿಂತ ಕೋಟುಧಾರಿಗಳೇ ಹೆಚ್ಚು ಹಿಡಿಸಿದರು. "ನಮ್ಮಲ್ಲೂ ಇಂಥವನೊಬ್ಬ ಇರಲೇಬೇಕು," ಎಂದು ಹುಡುಕತೊಡಗಿದರು. ಸಿಕ್ಕಿದವನು ಮಾನಪ್ಪ.

ಮಾನಪ್ಪ ಕುಷ್ಟಗಿ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಬಂದ ತನ್ನೂರಿನವರ ಬೆನ್ನಿಗೇ ಬಂದು, ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಒಂದು ಟಾರ್ಪಾಲು ಕಟ್ಟಿ ಕುಲುಮೆ ಹೂಡಿದ್ದ. ಹೆಂಡತಿ ಹನುಮವ್ವ ತಿದಿ ಒತ್ತುವವಳು. ಮುರಕಲ್ಲು ಕಡಿಯುವವರ ಪಿಕಾಸಿ, ಉಳಿ ಹರಿತ ಮಾಡಿಕೊಡುವುದು ಹೊಟ್ಟೆಪಾಡು. ಬಿಡುವಿದ್ದಾಗ, ಅವನ ಅಪ್ಪ ಅಜ್ಜಂದಿರು ಊರಿನ ಕುರಿಗಾಹಿಗಳಿಗೆ ಮಾಡಿಕೊಡುತ್ತಿದ್ದ ಮಡಚು ಚಾಕು. ಎಮ್ಮೆ ಕೊಂಬಿನ ಹಿಡಿಕೆ, ಹಿತ್ತಾಳೆಯ ಕೀಲು, ಹೆಬ್ಬೆರಳು ಆನಿಸಲು ಒಂದು ಪುಟ್ಟ ತಗ್ಗು. ಮಿನೇಜಸರು ಮೊದಲ ಚೂರಿಯನ್ನು ಬಿಸಿಲಿಗೆ ಹಿಡಿದು ಉದ್ಗರಿಸಿದರು:

"ಎಂಥ ಕಲೆ ಮಾರಾಯ ಇದರಲ್ಲಿ!"

"ಕಲಿ ಅಲ್ರಿ ಸಾಹೇಬ್ರ, ತುಕ್ಕು," ಎಂದ ಮಾನಪ್ಪ. "ತಿಕ್ಕಿದ್ರ ಹೋಗ್ತೇತಿ."

"ಈ ಉಕ್ಕು ಎಲ್ಲಿಯದು?"

"ಹಾಸನದ ಕಡೆಯಿಂದ ಬಂದಿದ್ದ ಲಾರೀದ್ರಿ. ಘಾಟಿನ್ಯಾಗ ಪಲ್ಟಿ ಹೊಡದಿತ್ತು. ಅದರ ಗಾಲಿ ಮ್ಯಾಲಿನ ಪಾಟಾ."

ಮಿನೇಜಸರು ಕಿಸೆಯಿಂದ ನೋಟುಪುಸ್ತಕ ತೆಗೆದು ಬರೆದುಕೊಂಡರು: "ಪಾಟಾ. ಹಾಸನ ಪ್ರಾಂತದ ಪ್ರಾಚೀನ ಉಕ್ಕಿನ ಒಂದು ಬಗೆ."

ಹೀಗೆ ಒಂದೂವರೆ ವರ್ಷದಲ್ಲಿ ಹನ್ನೊಂದು ಚೂರಿಗಳು ಕುಕ್ಕುಂದೂರು ಸೇರಿದವು. ಡುಲ್ಸಿನ್‌ಗೆ ಮದುವೆಯಲ್ಲಿ ಬಂದ ಚಹಾದ ಸೆಟ್ಟು ಗಾಜಿನ ಕಪಾಟಿನಿಂದ ಅಟ್ಟಕ್ಕೆ ಗಡಿಪಾರಾಗಿ, ಅದರ ಜಾಗದಲ್ಲಿ ಕೆಂಪು ಮಖಮಲ್ಲಿನ ಮೇಲೆ ಚೂರಿಗಳು ಪವಡಿಸಿದವು. ಪ್ರತಿಯೊಂದಕ್ಕೂ ಚೀಟಿ: "ಕುಷ್ಟಗಿ ಶೈಲಿ, ಮೊದಲ ಘಟ್ಟ." "ಕುಷ್ಟಗಿ ಶೈಲಿ, ಕಾಪು ಪ್ರಭಾವ."

ಒಂದು ದಿನ ಡುಲ್ಸಿನ್ ಬೀನ್ಸು ಹಿಡಿದು ಬಂದರು. "ಅಡಿಗೆಮನೆಯ ಚೂರಿ ಮೊಂಡಾಗಿದೆ. ಇದರಲ್ಲಿ ಒಂದು ಕೊಡಿ."

"ಜೆಜು, ಮರಿ, ಜುಜೆ!" ಮಿನೇಜಸರು ಶಿಲುಬೆಯ ಗುರುತು ಹಾಕಿಕೊಂಡರು. "ಇದು ಬೀನ್ಸ್ ಕೊಯ್ಯುವ ಚೂರಿಯಾ?"

"ಮತ್ತೆ ಎಂತ ಕೊಯ್ಯುತ್ತದೆ?"

"ಇದು ಕೊಯ್ಯುವುದಿಲ್ಲ ಡುಲ್ಸಿನ್. ಇದು ಇರುತ್ತದೆ."

ಡುಲ್ಸಿನ್ ಕಪಾಟನ್ನೂ ಗಂಡನನ್ನೂ ಒಂದು ಸಲ ನೋಡಿದರು. "ಹಾಗೆ ಸುಮ್ಮನೆ ಇರುವಂಥದ್ದು ಮನೆಯಲ್ಲಿ ಮೊದಲೇ ಒಂದು ಇತ್ತಲ್ಲ," ಎಂದು ಮೊಂಡು ಚೂರಿಯ ಕಡೆಗೆ ಹೋದರು.

ಅತ್ತ ಕಾಪುವಿನಲ್ಲಿ ಮಾನಪ್ಪನಿಗೆ ಬೇರೆಯೇ ಚಿಂತೆ. ಅವರ ಊರಿನಲ್ಲಿ ಒಂದು ಚಾಕು ಒಯ್ದ ಕುರಿಗಾಹಿ ಮುಂದಿನ ಚಾಕಿಗೆ ಬರುವುದು ಹತ್ತು ವರ್ಷ ಬಿಟ್ಟು. ಈ ಸಾಹೇಬರು ಒಂದೂವರೆ ತಿಂಗಳಿಗೊಮ್ಮೆ ಬಂದು ನಿಲ್ಲುತ್ತಾರೆ! ಹನ್ನೆರಡನೆಯದನ್ನು ಕೊಡುವಾಗ ಅವನು ಮರುಕದಿಂದ ಹೇಳಿದ: "ಸಾಹೇಬ್ರ, ಇದನ್ನಾರ ಜ್ವಾಕಿ ಮಾಡ್ರಿ. ಎಷ್ಟಂತ ಕಳಕೊಂತೀರಿ?"

ಮಿನೇಜಸರು ಗಂಭೀರವಾಗಿ ನಕ್ಕು, ಬೆಳ್ಳಿಹಬ್ಬದ ಆಮಂತ್ರಣ ಪತ್ರಿಕೆಯನ್ನು ಅವನ ಮುಂದಿಟ್ಟರು. ಕಾರ್ಡಿನ ಕೆಳಗೆ, ಊಟದ ವಿಷಯಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: "ಕರಕುಶಲ ಪಾರಂಪರಿಕ ಚೂರಿಯಿಂದ ಕೇಕ್ ಕತ್ತರಿಸಲಾಗುವುದು."

"ನೀನು ಬರಲೇಬೇಕು ಮಾನಪ್ಪ. ನಾಲ್ಕೂವರೆಗೆ ಇಗರ್ಜಿಯಲ್ಲಿ ಬಲಿಪೂಜೆ, ಆಮೇಲೆ ನಮ್ಮ ಅಂಗಳದಲ್ಲಿ ಕಾರ್ಯಕ್ರಮ. ಮುನ್ನೂರು ಜನರ ಎದುರು ನಿನ್ನ ಹೆಸರು ಹೇಳಿ ಇದನ್ನು ತೆರೆಯುತ್ತೇನೆ!"

"ಬರ್ತೀನ್ರಿ," ಎಂದ ಮಾನಪ್ಪ. ಆಮೇಲೆ ಚಾಕುವನ್ನು ನೆಲದ ಮೇಲಿಟ್ಟು ಎಚ್ಚರಿಕೆ ಹೇಳಿದ: "ಹೊಸಾದೈತ್ರಿ, ಕೀಲು ಬಿಗಿ ಐತಿ. ಎಣ್ಣಿ ಹಾಕದ ಹಾಕಬ್ಯಾಡ್ರಿ ಮತ್ತ. ಹಾಕಿದ್ರ ಕೂತುಬಿಡ್ತೇತಿ."

ಮಿನೇಜಸರದು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕಚೇರಿಯಲ್ಲಿ ಪುಸ್ತಕದ ಕನ್ನಡ. ಆ ಮೂರನ್ನೂ ಕೂಡಿಸಿ ಅವರು ಮಾನಪ್ಪನ ಮಾತಿನ ಅರ್ಥ ಮಾಡಿದರು: ಎಣ್ಣೆ ಹಚ್ಚದೆ ಕಿಸೆಗೆ ಹಾಕಬಾರದು. ಸರಿ! ಮಡಚಿಯೇ ಇದ್ದ ಚೂರಿಯನ್ನು ಬೆಳ್ಳಿಹಬ್ಬದ ದಿನದವರೆಗೆ ತೆರೆಯಬಾರದೆಂದು ನಿಶ್ಚಯಿಸಿ, ದಿನಾ ಬೆಳಿಗ್ಗೆ ಅದರ ಮೈತುಂಬ ತೆಂಗಿನೆಣ್ಣೆ ಸವರಿ, ಬಾಣಂತಿ ಮಗುವಿಗೆ ಸವರಿದ ಹಾಗೆ, ಪ್ಯಾಂಟಿನ ಕಿಸೆಗೆ ಹಾಕಿಕೊಂಡರು. ಒಂದು ವಾರ.

"ಕಿಸೆಯಲ್ಲಿ ಎಂತ, ಬಂಗುಡೆ ಮೀನು ಹುರಿದಿರಾ?" ಎಂದರು ಡುಲ್ಸಿನ್, ಪ್ಯಾಂಟು ಒಗೆಯುತ್ತ.

"ಪರಂಪರೆಗೆ ಎಣ್ಣೆ ಬೇಕಾಗುತ್ತದೆ."

"ಪರಂಪರೆಗೆ ಸೋಪೂ ಬೇಕಾಗುತ್ತದೆ. ನೀವೇ ಒಗೆಯಿರಿ."

ಆ ಶನಿವಾರ ಬಂತು. ಮಿನೇಜಸರು ಹೊಸ ಸೂಟು ತೊಟ್ಟೇ ಕಚೇರಿಗೆ ಹೋದರು. ಒಂದು ಗಂಟೆಗೆ ಕೆಲಸ ಮುಗಿಸಿ, ಮಣಿಪಾಲದ ಬೇಕರಿಯಿಂದ ಕೇಕು ಹಿಡಿದುಕೊಂಡು, ಕಾರ್ಕಳದ ಬಸ್ಸು ಹತ್ತಿದರೆ ಎರಡೂವರೆಗೆ ಮನೆ. ನಾಲ್ಕೂವರೆಗೆ ಇನ್ನೂ ಎರಡು ಗಂಟೆ ಬಾಕಿ! ಇಂಥ ಪಕ್ಕಾ ಲೆಕ್ಕಾಚಾರವನ್ನು ಅವರು ಬಾಳಿನಲ್ಲಿ ಮೊದಲ ಬಾರಿ ಮಾಡಿದ್ದರು.

ಹನ್ನೆರಡೂವರೆಗೆ ಗುಮಾಸ್ತೆ ಕುಶಲಾ ಕೇಳಿದರು, "ಸಾರ್, ಕಾರ್ಡಿನಲ್ಲಿ ಬರೆದ ಚೂರಿ ನಿಮ್ಮ ಕಿಸೆಯಲ್ಲಿ ಇರುವುದೇ ಅಲ್ವಾ? ಒಮ್ಮೆ ತೆರೆದು ತೋರಿಸಿ ಸಾರ್."

ಹೊಗಳಿಕೆಗೆ ಬಾಗಿಲು ತೆರೆಯದ ಸಂಗ್ರಾಹಕ ಈ ಭೂಮಿಯ ಮೇಲೆ ಹುಟ್ಟಿಲ್ಲ. ಮಿನೇಜಸರು ಕುರ್ಚಿಯಿಂದ ಎದ್ದು, ಹೆಬ್ಬೆರಳಿನಿಂದ ಅಲಗನ್ನು ಎತ್ತಿದರು. ಖಟ್! ನಾಲ್ಕಂಗುಲದ ಅಲಗು ಟ್ಯೂಬ್‌ಲೈಟಿನಲ್ಲಿ ಫಳಫಳಿಸಿತು. ಕುಶಲಾ ಚಪ್ಪಾಳೆ ತಟ್ಟಿದರು. ಮಿನೇಜಸರು ತಲೆಬಾಗಿ ವಂದಿಸಿ ಅಲಗನ್ನು ಮಡಚಿದರು.

ಅದು ಅರ್ಧ ಮಡಚಿತು. ನಿಂತಿತು.

ಒತ್ತಿದರು. ನಿಂತಿತು. ಹಿಂದಕ್ಕೆ ಎಳೆದರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ! ಹಿಡಿಕೆ ಅಡ್ಡಕ್ಕೆ, ಅಲಗು ನೆಟ್ಟಗೆ, ಗಣಿತದ ಮೇಷ್ಟ್ರು ಸ್ಕೇಲಿಟ್ಟು ಎಳೆದ ಹಾಗೆ ತೊಂಬತ್ತು ಡಿಗ್ರಿ. ಕಿಸೆಯಲ್ಲಿ ಹಿಡಿಯದು, ಚೀಲದಲ್ಲಿ ಹಿಡಿಯದು, ಕೈಯಲ್ಲಿ ಹಿಡಿದರೆ ಸಭ್ಯವಾಗಿ ಕಾಣದು. ಇಬ್ಬರು ಅಟೆಂಡರುಗಳು ಆ ಕಡೆ ಈ ಕಡೆ ನಿಂತು ಎಳೆದರು. ಅಟೆಂಡರುಗಳು ದೂರ ದೂರ ಹೋದರೇ ಹೊರತು ಅಲಗು ಅಲುಗಲಿಲ್ಲ.

"ಡ್ರಾಯರಿನಲ್ಲಿ ಇಟ್ಟು ಹೋಗಿ ಸಾರ್," ಎಂದರು ಕುಶಲಾ. "ಕೇಕಿನೊಟ್ಟಿಗೆ ಬೇಕರಿಯವರು ಪ್ಲಾಸ್ಟಿಕ್ಕಿನದ್ದು ಕೊಡ್ತಾರಲ್ಲ."

"ಕಾರ್ಡಿನಲ್ಲಿ ಅಚ್ಚಾಗಿದೆ ಕುಶಲಾ ಮೇಡಂ! ಮುನ್ನೂರು ಕಾರ್ಡು!"

"ಯಾರು ಸಾರ್ ಕಾರ್ಡು ಪೂರ್ತಿ ಓದುವುದು? ಊಟ ಉಂಟಾ ಅಂತ ನೋಡ್ತಾರೆ."

ಮಿನೇಜಸರಿಗೆ ಈ ಮಾತು ತಮ್ಮ ಸಂಗ್ರಹಕ್ಕೇ ಆದ ಅವಮಾನವಾಗಿ ಕಂಡಿತು. ಮನಸ್ಸಿನಲ್ಲೇ ಹೊಸ ಲೆಕ್ಕ ಹಾಕಿದರು. ನೇರ ಕಾರ್ಕಳಕ್ಕೆ ಹೋಗುವ ಬದಲು ಉಡುಪಿಗೆ ಇಳಿದು, ಕಾಪುವಿಗೆ ಹೋಗಿ ಮಾನಪ್ಪನ ಕೈಯಲ್ಲಿ ಚೂರಿ ಸರಿಮಾಡಿಸಿ, ಅಲ್ಲಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳ. ನಾಲ್ಕೂಕಾಲಿಗೆ ಇಗರ್ಜಿಯ ಬಾಗಿಲು. ಸಾಕಲ್ಲ!

ಎಡಗೈಯಲ್ಲಿ ಕೇಕಿನ ಪೆಟ್ಟಿಗೆ, ಬಲಗೈಯಲ್ಲಿ ಅರೆತೆರೆದ ಚೂರಿ, ಮೈಮೇಲೆ ಸೂಟು. ಈ ಅವತಾರದಲ್ಲಿ ಅವರು ಉಡುಪಿಯ ಸಿಟಿ ಬಸ್ಸು ಹತ್ತಿದರು.

"ಹೋಯ್, ಕೈಯಲ್ಲಿ ಎಂತದು?" ಎಂದ ಕಂಡಕ್ಟರ್.

"ಚೂರಿ."

"ಚೂರಿ ಅಂತ ನನಗೂ ಕಾಣ್ತದೆ ಮಾರಾಯ್ರೆ. ಮಡಚಿ."

"ಮಡಚಲಿಕ್ಕೆ ಆಗುವುದಿಲ್ಲ."

"ಆಗುವುದಿಲ್ವಾ, ಮನಸ್ಸಿಲ್ವಾ?"

ಬಸ್ಸು ತುಂಬಿ ತುಳುಕುತ್ತಿತ್ತು. ಆದರೂ ಮಿನೇಜಸರ ಪಕ್ಕದ, ಹಿಂದಿನ, ಮುಂದಿನ ಸೀಟುಗಳು ಕ್ಷಣದಲ್ಲಿ ಖಾಲಿಯಾದವು. ಬಾಗಿಲಲ್ಲಿ ನೇತಾಡುವುದೇ ವಾಸಿ ಎಂದು ಜನ ನೇತಾಡಿದರು. ಅಷ್ಟು ವರ್ಷದ ಬಸ್ ಪ್ರಯಾಣದಲ್ಲಿ ಅವರು ಕಾಲು ಚಾಚಿ ಕೂತದ್ದು ಅದೇ ಮೊದಲು. ಆದರೆ ಸುಖಪಡುವ ಸ್ಥಿತಿಯಲ್ಲಿರಲಿಲ್ಲ.

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅವರು ಚೂರಿಯನ್ನು ಕರವಸ್ತ್ರದಲ್ಲಿ ಸುತ್ತಿದರು. ಕರವಸ್ತ್ರ ಎರಡಾಯಿತು. ಪೇಪರಿನಲ್ಲಿ ಸುತ್ತಿದರು. ಮುಖಪುಟ ಎರಡಾಯಿತು. ಮಾನಪ್ಪನ ಕೆಲಸದ ಮೇಲೆ ಅವರಿಗೆ ಆ ಗಳಿಗೆಯಲ್ಲೂ ಹೆಮ್ಮೆಯೆನಿಸಿತು. ಕೊನೆಗೆ ಆಚೀಚೆ ನೋಡಿ, ಕಣ್ಣು ಮುಚ್ಚಿ, ಅಲಗನ್ನು ಕೇಕಿನ ಪೆಟ್ಟಿಗೆಯ ಮುಚ್ಚಳದ ಮೂಲಕ ನೇರ ಒಳಕ್ಕೆ ಇಳಿಸಿದರು. ಅಲಗು ಮಾಯ! ಹಿಡಿಕೆ ಮಾತ್ರ ಪೆಟ್ಟಿಗೆಯ ಮೇಲೆ ಅಡ್ಡಕ್ಕೆ ಮಲಗಿತು. ನೋಡಿದವರಿಗೆ ಪೆಟ್ಟಿಗೆಗೇ ಹಿಡಿಕೆ ಇಟ್ಟು ಮಾಡಿದಂತೆ ಕಾಣುತ್ತಿತ್ತು. ಮಿನೇಜಸರು ತಮ್ಮ ಬುದ್ಧಿಗೆ ತಾವೇ ಮೆಚ್ಚಿ ಕಾಪುವಿನ ಬಸ್ಸು ಹತ್ತಿದರು.

ಕಾಪುವಿನಲ್ಲಿ ಇಳಿದಾಗ ಎರಡೂವರೆ. ಬಸ್ಸಿನ ಕುಲುಕಾಟಕ್ಕೆ ಪೆಟ್ಟಿಗೆಯ ಮೂಲೆಯಿಂದ ಕೆಂಪಗೆ ಏನೋ ತೊಟ್ಟಿಕ್ಕುತ್ತಿತ್ತು. ಮೀನಿನ ಬುಟ್ಟಿಯೊಂದಿಗೆ ಕೂತಿದ್ದ ಸುಗಂಧಿಯಕ್ಕ ಅದನ್ನು ನೋಡಿದರು, ಮೂಗಿನ ಮೇಲೆ ಬೆರಳಿಟ್ಟರು, ಅಲ್ಲೇ ನಿಂತಿದ್ದ ಪೊಲೀಸಪ್ಪನಿಗೆ ಕಣ್ಸನ್ನೆ ಮಾಡಿದರು.

"ಪೆಟ್ಟಿಗೆಯ ಮೇಲೆ ಎಂತದು?" ಎಂದ ಪೊಲೀಸ.

"ಹಿಡಿಕೆ."

"ಎಂತದರ ಹಿಡಿಕೆ?"

"ಚೂರಿಯದ್ದು."

"ಚೂರಿ ಎಲ್ಲುಂಟು?"

"ಕೇಕಿನ ಒಳಗೆ."

ಪೊಲೀಸ ತನ್ನ ಸರ್ವಿಸಿನಲ್ಲಿ ಇಂಥ ಉತ್ತರ ಕೇಳಿರಲಿಲ್ಲ. "ಹೊರಗೆ ತೆಗೆಯಿರಿ," ಎಂದ.

ತೆಗೆದರು. ಕೇಕಿನ ನಡುವಿನ ಪದರಕ್ಕೆ ಬೇಕರಿಯವನು ಧಾರಾಳವಾಗಿ ಜಾಮು ಹಚ್ಚಿದ್ದ. ಅಲಗಿನ ತುದಿಯಿಂದ ಬುಡದವರೆಗೆ ಕೆಂಪು!

"ಅಯ್ಯಯ್ಯೋ, ಯಾರನ್ನು ಮುಗಿಸಿದ್ರಿ?" ಎಂದರು ಸುಗಂಧಿಯಕ್ಕ.

"ರಕ್ತ ಅಲ್ಲ! ಜಾಮ್! ನೋಡಿ ಬೇಕಾದರೆ!" ಎಂದು ಮಿನೇಜಸರು ಚೂರಿಯನ್ನು ಪೊಲೀಸನ ಕಡೆಗೆ ಚಾಚಿದರು. ಪೊಲೀಸ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ.

"ಕೈಗೆ ಕೊಡಬೇಡಿ ಮಾರಾಯ್ರೆ! ಚೂರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗ್ತದೆ. ಕೆಳಗೆ ಇಡಿ, ನಾನು ತೆಗೆದುಕೊಳ್ತೇನೆ."

ಕೆಳಗೆ ಇಟ್ಟರು. ಪೊಲೀಸ ಎತ್ತಿ ಮೂಸಿದ. "ಎಣ್ಣೆ ವಾಸನೆ," ಎಂದು ಮತ್ತೆ ಕೆಳಗಿಟ್ಟ. ಮಿನೇಜಸರು ಎತ್ತಿಕೊಂಡರು. ಸುತ್ತ ಐವತ್ತು ಜನ ಸೇರಿದ್ದರು.

"ಜಾಮ್ ಅಂತ ಗ್ಯಾರಂಟಿ ಎಂತ?" ಎಂದ ಪೊಲೀಸ. "ನೆಕ್ಕಿ ತೋರಿಸಿ."

ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್, ಕರಾವಳಿಯ ಏಕಮೇವ ಚೂರಿ ಸಂಗ್ರಾಹಕ, ಸ್ಟ್ಯಾನಿಸ್ಲಾಸ್ ಮಿನೇಜಸರು ಸೂಟು ಬೂಟಿನಲ್ಲಿ, ಕಾಪುವಿನ ಹೆದ್ದಾರಿಯ ಬದಿಯಲ್ಲಿ, ಐವತ್ತು ಜನರ ಎದುರು ಚೂರಿ ನೆಕ್ಕಿದರು. ಅರ್ಧ ಜಾಮು, ಅರ್ಧ ತೆಂಗಿನೆಣ್ಣೆ, ಮೇಲೆ ಸ್ವಲ್ಪ ಹೆದ್ದಾರಿಯ ಧೂಳು.

"ಸಿಹಿ ಉಂಟಾ?" ಎಂದು ಸುಗಂಧಿಯಕ್ಕ ವಿಚಾರಿಸಿದರು.

ಆದರೂ ಪೊಲೀಸನಿಗೆ ಸಮಾಧಾನವಾಗಲಿಲ್ಲ. ಹೆಸರು, ಊರು, ಕೆಲಸ, ತಂದೆಯ ಹೆಸರು ಎಲ್ಲ ಕೇಳಿದ. ಕೊನೆಗೆ ಮಿನೇಜಸರು ಕೋಟಿನ ಒಳಕಿಸೆಯಿಂದ ಆಮಂತ್ರಣ ಪತ್ರಿಕೆ ತೆಗೆದು ಕೊಟ್ಟರು. ಪೊಲೀಸ ಅದನ್ನು ಬೆರಳಿಟ್ಟು ಓದಿದ. ಮುನ್ನೂರು ಕಾರ್ಡುಗಳಲ್ಲಿ ಪೂರ್ತಿ ಓದಲ್ಪಟ್ಟ ಕಾರ್ಡು ಅದೊಂದೇ.

"ಪಾರಂಪರಿಕ ಚೂರಿಯಿಂದ... ಹೌದು. ಪ್ರಿಂಟ್ ಉಂಟು," ಎಂದು ಅವನು ಮೃದುವಾದ. ಆಮೇಲೆ ಹುಬ್ಬು ಗಂಟಿಕ್ಕಿದ. "ಆದರೆ ಸಾರ್, ನಾಲ್ಕೂವರೆಗೆ ಕುಕ್ಕುಂದೂರಿನಲ್ಲಿ ಪೂಜೆ ಅಂತ ಹಾಕಿದ್ದೀರಿ. ಈಗ ಮೂರು ಗಂಟೆ. ನೀವು ಇಲ್ಲಿ ಎಂತ ಮಾಡುವುದು?"

ಮಿನೇಜಸರು ಪೆಟ್ಟಿಗೆ, ಚೂರಿಯೊಂದಿಗೆ ಕುಲುಮೆಯ ಕಡೆಗೆ ಓಡಿದರು.

ಕುಲುಮೆ ತಣ್ಣಗಿತ್ತು. ಹನುಮವ್ವ ಒಬ್ಬಳೇ ಕೂತು ಜೋಳ ಹಸನು ಮಾಡುತ್ತಿದ್ದಳು.

"ಮಾನಪ್ಪ ಎಲ್ಲಿ?"

"ನಿಮ್ಮ ಮನೀಗೇ ಹೋಗ್ಯಾರಲ್ರಿ! ಒಗದಿದ್ದ ಧೋತರಾ ಉಟಗೊಂಡು ಹನ್ನೆರಡಕ್ಕ ಬಸ್ ಹತ್ತಿದ್ರು. ನೀವ ಕರದಿದ್ರಂತ?"

ಮಿನೇಜಸರು ಕೈಯಲ್ಲಿದ್ದುದನ್ನು ತೋರಿಸಿದರು. ಹನುಮವ್ವ ನೋಡಿದ ಕೂಡಲೇ ಹಣೆ ಬಡಿದುಕೊಂಡಳು.

"ಎಣ್ಣಿ ಹಾಕದ ಹಾಕಿರೇನ್ರಿ? ಹಾಕಬ್ಯಾಡ್ರಿ ಅಂತ ಅವ್ರು ಹೇಳಿದ್ದಿಲ್ಲ?"

"ಎಣ್ಣೆ ಹಚ್ಚಿಯೇ ಹಾಕಿದ್ದು ಅಮ್ಮ! ಒಂದು ವಾರ! ನನ್ನ ಎರಡು ಪ್ಯಾಂಟಿನ ಕಿಸೆ ಹಾಳಾಗಿದೆ!"

"ಕಿಸೇದಾಗ ಹಾಕೂದಲ್ರಿ! ಬಾಗಲಾ ಹಾಕೂದಿಲ್ಲೇನ್ರಿ ನೀವು? ಹಂಗ. ಚಾಕು ಹಾಕೂದು, ಅಂದ್ರ ಮಡಚೂದು! ಕೀಲಿಗೆ ಎರಡು ಹನಿ ಬಿಟ್ಟು ಹಾಕಬೇಕಿತ್ತು."

ಇಪ್ಪತ್ತೈದು ವರ್ಷ ಕಚೇರಿಯ ಕಾಗದಪತ್ರಗಳಲ್ಲಿ ಅಲ್ಪವಿರಾಮ ತಿದ್ದಿದ ಮನುಷ್ಯ ಒಂದು ಕ್ರಿಯಾಪದದಿಂದ ಹೀಗೆ ನೆಲಕಚ್ಚಿದರು!

"ಈಗ ಎಣ್ಣೆ ಬಿಟ್ಟರೆ?"

"ಹೊತ್ತು ಹಿಡೀತೇತ್ರಿ, ಮತ್ತ ಅದರ ಕೈಚಳಕ ಅವ್ರಿಗೇ ಗೊತ್ತು. ನನಗ ಒಂದ ಗೊತ್ತು." ಹನುಮವ್ವ ಎದ್ದು ಸುತ್ತಿಗೆ ತಂದಳು. "ಕೀಲಿಗೆ ಒಂದು ಏಟು ಕೊಟ್ರ ಬಿಚ್ಚಿ ಬೀಳ್ತೇತಿ. ಎರಡು ತುಂಡು ಮಾಡಿ ಕಿಸೇದಾಗ ಇಟಗೊಂಡು ಹೋಗ್ರಿ. ನಾಳೆ ಅವ್ರು ಮತ್ತ ಕೂಡಿಸಿ ಕೊಡ್ತಾರ. ನೋಡ್ರಿ, ಕಾರ್ಕಳದ ಬಸ್ಸು ಅಲ್ಲೇ ನಿಂತೈತಿ."

ನಿಜ. ಮೂರು ಹತ್ತರ ಬಸ್ಸು ನಿಂತಿತ್ತು. ಅದನ್ನು ಹಿಡಿದು, ಇಳಿದ ಮೇಲೆ ಸ್ವಲ್ಪ ಓಡಿದರೆ, ನಾಲ್ಕೂವರೆಗೆ ಡುಲ್ಸಿನ್ ಪಕ್ಕದಲ್ಲಿ. ಒಂದು ಏಟು. ಅಷ್ಟೇ. ಹನುಮವ್ವ ಸುತ್ತಿಗೆ ಎತ್ತಿದಳು.

"ಹೊಡೆಯಬೇಡ!" ಎಂದು ಮಿನೇಜಸರು ಚೂರಿಯನ್ನು ಎದೆಗವಚಿಕೊಂಡರು. "ಅದು ಮೂಲ ಕೀಲು!"

"ಮೂಲ ಅಂದ್ರ?"

"ಮೊದಲಿನದು! ಅದನ್ನು ಮುರಿದರೆ ಬೆಲೆಯೇ ಹೋಯಿತು!"

"ಎಲ್ಲಾ ಕೀಲೂ ಮೊದಲಿನವ ಅಲ್ರಿ, ಮುರಿಯೂ ತನಕ?" ಎಂದಳು ಹನುಮವ್ವ. "ಹಂಗಾರ ಇಲ್ಲೇ ಬಿಟ್ಟು ಹೋಗ್ರಿ. ಮನ್ಯಾಗ ನಿಮ್ಮ ಬಾಯಾರು ಕಾಯ್ತಿರ್ತಾರ."

"ಕಾರ್ಡಿನಲ್ಲಿ..." ಎಂದು ಮಿನೇಜಸರು ಬಾಯಿ ತೆರೆದರು. ಬಸ್ಸು ಹಾರ್ನ್ ಹಾಕಿತು. ಕಾರ್ಡಿನಲ್ಲಿ ಏನಿದೆಯೆಂದು ಅವರು ವಿವರಿಸಿ ಮುಗಿಸುವಷ್ಟರಲ್ಲಿ ಅದು ಶಿರ್ವದ ದಾರಿ ಹಿಡಿದಾಗಿತ್ತು. ಹನುಮವ್ವ ಸುತ್ತಿಗೆಯನ್ನು ಸದ್ದಿಲ್ಲದೆ ಕೆಳಗಿಟ್ಟು ಮತ್ತೆ ಜೋಳದ ಮುಂದೆ ಕೂತಳು.

ರಿಕ್ಷಾದವರು ಯಾರೂ ಬರಲೊಪ್ಪಲಿಲ್ಲ. ಚೂರಿ ನೆಕ್ಕುವ ಮನುಷ್ಯನ ಕಥೆ ಮಿನೇಜಸರಿಗಿಂತ ಮೊದಲೇ ಸ್ಟ್ಯಾಂಡು ಮುಟ್ಟಿತ್ತು. ಮುಂದಿನ ಬಸ್ಸು ನಾಲ್ಕಕ್ಕೆ. ಅದು ಕೈತೋರಿದಲ್ಲೆಲ್ಲ ನಿಂತಿತು, ಕೈತೋರದಲ್ಲೂ ನಿಂತಿತು. ಬೆಳ್ಮಣ್ಣಿನಲ್ಲಿ ಡ್ರೈವರ್ ಚಹಾಕ್ಕೆಂದು ಇಳಿದಾಗ ಗಂಟೆ ಐದಕ್ಕೆ ಐದು ನಿಮಿಷ. ಈಗ ಪ್ರವಚನ ಮುಗಿದಿರುತ್ತದೆ, ಈಗ ಫಾದರ್ ಡುಲ್ಸಿನ್ ಕಡೆಗೆ ತಿರುಗಿರುತ್ತಾರೆ, ಈಗ ಕೇಳುತ್ತಾರೆ ಎಂದು ಮಿನೇಜಸರು ವಾಚು ನೋಡುತ್ತ ಕೂತರು. ಚೂರಿಯನ್ನು ಮತ್ತೆ ಒಳಗಿಳಿಸಿದ್ದ ಕೇಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಕಡೆ ಮುಖ ಮಾಡಿ, "ಹೌದು," ಎಂದರು.

"ಎಂತ ಹೌದು?" ಎಂದ ಪಕ್ಕದಲ್ಲಿ ಕೂತವನು.

"ಎಂತ ಇಲ್ಲ."

"ಹೌದು ಅಂದ್ರಿ, ಈಗ ಇಲ್ಲ ಅಂತೀರಿ," ಎಂದು ಅವನು ಎದ್ದು ಬೇರೆ ಸೀಟಿಗೆ ಹೋದ.

ಕುಕ್ಕುಂದೂರಿನ ಅಂಗಳ ತಲುಪಿದಾಗ ಐದೂಮುಕ್ಕಾಲು. ಚಪ್ಪರದ ತುಂಬ ಜನ. ವೇದಿಕೆಯ ಮೇಲೆ ಬೆಳ್ಳಿಯಂಚಿನ ಸೀರೆಯುಟ್ಟ ಡುಲ್ಸಿನ್. ಪಕ್ಕದ ಕುರ್ಚಿಯ ಮೇಲೆ ಅವರ ಚೀಲ. ಮಿನೇಜಸರು ಜಾಮು ಹತ್ತಿದ ಟೈ, ಎಣ್ಣೆ ಹತ್ತಿದ ಪ್ಯಾಂಟು, ತೊಟ್ಟಿಕ್ಕುವ ಪೆಟ್ಟಿಗೆಯೊಂದಿಗೆ ನಡುವಿನ ದಾರಿಯಲ್ಲಿ ನಡೆದು ಬರುವಾಗ ಮುನ್ನೂರು ಜನ ಒಟ್ಟಿಗೆ ತಿರುಗಿ ನೋಡಿದರು.

ಡುಲ್ಸಿನ್ ಅವರ ತಮ್ಮ ಜಾರ್ಜ್ ಮುಂದೆ ಬಂದು ಪೆಟ್ಟಿಗೆ ತೆಗೆದುಕೊಂಡ. ಮುಚ್ಚಳ ಎತ್ತಿ ಒಳಗೆ ನೋಡಿದ. ಒಳಗಿದ್ದುದು ಕೇಕಲ್ಲ, ಗದ್ದೆ. ನಡುವೆ ಉತ್ತ ಸಾಲು.

"ಭಾವ," ಎಂದ ಜಾರ್ಜ್, "ಕೇಕನ್ನು ದಾರಿಯಲ್ಲೇ ಕೊಯ್ದಿರಾ?"

ಡುಲ್ಸಿನ್ ಬೈಯಲಿಲ್ಲ. ಬೈದಿದ್ದರೆ ಮಿನೇಜಸರು ಬದುಕಿಕೊಳ್ಳುತ್ತಿದ್ದರು.

"ಎಲ್ಲಿಂದ ಬಂದ್ರಿ?"

"ಕಾಪುವಿನಿಂದ."

"ಕಾಪುವಿಗೆ ಎಂತಕ್ಕೆ?"

"ಚೂರಿ ಮಡಚಲಿಕ್ಕೆ."

"ಮಡಚಿತಾ?"

ಮಿನೇಜಸರು ಮುಚ್ಚಳದಲ್ಲಿ ಸಿಕ್ಕಿದ್ದ ಚೂರಿಯನ್ನು ಎಳೆದು ಎತ್ತಿ ತೋರಿಸಿದರು. ತೊಂಬತ್ತು ಡಿಗ್ರಿ.

"ಫಾದರ್ ಎರಡು ಸಲ ಕೇಳಿದರು," ಎಂದರು ಡುಲ್ಸಿನ್, ಮೆಲ್ಲಗೆ. "'ಸ್ಟ್ಯಾನಿಸ್ಲಾಸ್, ನಿನಗೆ ಒಪ್ಪಿಗೆ ಉಂಟಾ' ಅಂತ. ಜಾರ್ಜ್ ನನ್ನ ಪಕ್ಕದಲ್ಲಿ ನಿಂತಿದ್ದ. ಅವನು ಹೇಗೆ ಹೌದು ಅನ್ನುವುದು? ಯಾರೂ ಎಂತದೂ ಹೇಳಲಿಲ್ಲ. ಮೂರನೇ ಸಲ ಅವರು ಕೇಳಲಿಲ್ಲ."

"ನಾನು ಹೇಳಿದೆ ಡುಲ್ಸಿನ್! ದೇವರಾಣೆ! ಐದಕ್ಕೆ ಐದು ನಿಮಿಷಕ್ಕೆ ಬೆಳ್ಮಣ್ಣಿನಲ್ಲಿ ಹೇಳಿದೆ!"

"ಬೆಳ್ಮಣ್ಣಿಗೆ ನಾನು ಬಂದಿರಲಿಲ್ಲ," ಎಂದರು ಡುಲ್ಸಿನ್. ಕುರ್ಚಿಯ ಮೇಲಿನ ಚೀಲವನ್ನೂ ತೆಗೆಯಲಿಲ್ಲ.

ಆಗ ಕೊನೆಯ ಸಾಲಿನಿಂದ ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ರುಮಾಲಿನ ಒಬ್ಬಾತ ಎದ್ದು ಬಂದ. ಮಾನಪ್ಪ. ಎರಡೂವರೆಗೇ ಬಂದು, ಡುಲ್ಸಿನ್ ಕೊಟ್ಟ ಚಹಾ ಕುಡಿದು, ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಪೂಜೆ ಪೂರ್ತಿ ಕೈಮುಗಿದುಕೊಂಡೇ ಕೂತಿದ್ದನಂತೆ. ಅವನು ಮಿನೇಜಸರ ಎದುರು ನಿಂತು, "ಮೇಜಿನ ಮ್ಯಾಲ ಇಡ್ರಿ," ಎಂದ. ಇಟ್ಟರು. ಅವನು ಅದನ್ನೆತ್ತಿ ತಲೆಯ ರುಮಾಲಿನಿಂದ ಜಾಮು ಒರೆಸಿದ. ಕೂದಲಿಗೆ ಹಚ್ಚಿದ್ದ ಎಣ್ಣೆಯಲ್ಲಿ ಹೆಬ್ಬೆರಳು ತಿಕ್ಕಿ, ಆ ಬೆರಳನ್ನು ಕೀಲಿನ ಮೇಲೆ ಒತ್ತಿ, ಹಿಡಿಕೆಯನ್ನು ಒಂದೇ ಒಂದು ಸಲ ಮೇಜಿನಂಚಿಗೆ ಬಡಿದ. ಟಕ್!

ಮಡಚಿತು.

ಮುನ್ನೂರು ಜನರಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೊರಟು, ಡುಲ್ಸಿನ್ ಮುಖ ನೋಡಿ ಕೈ ಇಳಿಸಿದರು. ಮಿನೇಜಸರು ಮೇಜಿನ ಮೇಲಿನ ಚೂರಿಯನ್ನೂ, ಖಾಲಿಯಿಲ್ಲದ ಖಾಲಿ ಕುರ್ಚಿಯನ್ನೂ, ತಮ್ಮ ವಾಚನ್ನೂ ನೋಡಿದರು. ತಪ್ಪನ್ನು ಹೊರಿಸಲು ಲೋಕದಲ್ಲಿ ಉಳಿದಿದ್ದುದು ಈಗ ಬಸ್ಸೊಂದೇ.

"ಅಲ್ಲ ಮಾನಪ್ಪ," ಎಂದರು, ಅಳುವ ದನಿಯಲ್ಲಿ, "ನೀನೂ ಕಾಪುವಿನಿಂದಲೇ ಬಂದವನು. ಅದೇ ದಾರಿ, ಅದೇ ಬಸ್ಸು, ಅದೇ ಡ್ರೈವರುಗಳು. ನೀನು ಹೇಗೆ ಮಾರಾಯ ಸರಿಯಾದ ಸಮಯಕ್ಕೆ ಬಂದು ಮುಟ್ಟಿದ್ದು?"

ಮಾನಪ್ಪ ರುಮಾಲು ಕೊಡವಿ ತಲೆಗೆ ಸುತ್ತಿಕೊಂಡ.

"ನನ್ನ ಕೈಯಾಗ ಚಾಕು ಇದ್ದಿಲ್ರಿ, ಸಾಹೇಬ್ರ."